ರೈಲು ಪ್ರಯಾಣದಲ್ಲಿ ಬಳಕೆಯಾಗುವ ಇಂಗ್ಲಿಷ್ ಪದಗಳು: ಅರ್ಥ ಮತ್ತು ಪರಿಣಾಮ

ಪೀಠಿಕೆ

ರಾಜ್ಯದ ನಾಗರಿಕರು ಉದ್ಯೋಗ, ವಿದ್ಯಾಭ್ಯಾಸ, ವೈದ್ಯಕೀಯ ಚಿಕಿತ್ಸೆ ಹಾಗೂ ತೀರ್ಥಯಾತ್ರೆಯ ನಿಮಿತ್ತ ರೈಲಿನಲ್ಲಿ ದೂರದ ಊರುಗಳಿಗೆ ತೆರಳುವುದು ಸಾಮಾನ್ಯವಾಗಿದೆ. ಕರ್ನಾಟಕದ ನಿಲ್ದಾಣಗಳಲ್ಲಿ ಪ್ರಕಟಣೆಗಳು ಕನ್ನಡದಲ್ಲಿಯೂ ಕೇಳಿಬರುತ್ತವೆ. ರಾಜ್ಯದ ಗಡಿಯನ್ನು ದಾಟಿದ ನಂತರ ಕನ್ನಡ ಬಲ್ಲ ಪ್ರಯಾಣಿಕರು ಬಹುಮಟ್ಟಿಗೆ ಇಂಗ್ಲಿಷ್ ಅಥವಾ ಹಿಂದಿಯ ಪದಗಳನ್ನೇ ಅವಲಂಬಿಸಬೇಕಾಗುತ್ತದೆ.

ಶಾಲೆಯಲ್ಲಿ ಇಂಗ್ಲಿಷನ್ನು ಕಲಿತವರಿಗೆ ಈ ಪದಗಳು ಹೊಸವೇನಲ್ಲ. ಆದರೆ ನಿಘಂಟಿನಲ್ಲಿರುವ ಅರ್ಥವೇ ಬೇರೆ, ರೈಲ್ವೆ ನಿಯಮಗಳು ಅದೇ ಪದಕ್ಕೆ ನೀಡಿರುವ ಅರ್ಥವೇ ಬೇರೆ. ಪ್ರಯಾಣಿಕರ ಹಕ್ಕು ಮತ್ತು ಹಣ ಎರಡೂ ಈ ಎರಡನೆಯ ಅರ್ಥವನ್ನು ಅವಲಂಬಿಸಿರುತ್ತವೆ. ಆದ್ದರಿಂದ ಇಂಗ್ಲಿಷಿನ ಸಾಮಾನ್ಯ ಪರಿಚಯವುಳ್ಳವರ ಅನುಕೂಲಕ್ಕಾಗಿ ಅಂತಹ ಮುಖ್ಯ ಪದಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಟಿಕೆಟ್ಟಿನ ಸ್ಥಿತಿಯನ್ನು ಸೂಚಿಸುವ ಪದಗಳು

ಪಿ.ಎನ್.ಆರ್.: ಪ್ಯಾಸೆಂಜರ್ ನೇಮ್ ರೆಕಾರ್ಡ್ ಎಂಬುದರ ಸಂಕ್ಷಿಪ್ತ ರೂಪ. ಇದು 10 ಅಂಕಿಗಳ ಸಂಖ್ಯೆಯಾಗಿದ್ದು, ಟಿಕೆಟ್ಟಿಗೆ ಸಂಬಂಧಿಸಿದ ಯಾವುದೇ ವಿಚಾರಣೆಗೆ ಇದೇ ಆಧಾರವಾಗಿರುತ್ತದೆ. ಒಂದೇ ಟಿಕೆಟ್ಟಿನಲ್ಲಿ ಹಲವರ ಹೆಸರುಗಳಿದ್ದರೂ ಈ ಸಂಖ್ಯೆ ಒಂದೇ ಆಗಿರುತ್ತದೆ.

ಬುಕಿಂಗ್ ಸ್ಟೇಟಸ್ ಮತ್ತು ಕರೆಂಟ್ ಸ್ಟೇಟಸ್: ಮೊದಲನೆಯದು ಟಿಕೆಟ್ ಪಡೆದ ವೇಳೆಯಲ್ಲಿದ್ದ ಸ್ಥಿತಿ. ಎರಡನೆಯದು ವಿಚಾರಿಸಿದ ಕ್ಷಣದ ಸ್ಥಿತಿ. ಇಲ್ಲಿ ಕರೆಂಟ್ ಎಂದರೆ ವಿದ್ಯುತ್ ಎಂದಲ್ಲ, ಸದ್ಯದ ಎಂದು ಅರ್ಥ. ಪ್ರಯಾಣಕ್ಕೆ ಹೊರಡುವ ಮುನ್ನ ಎರಡನೆಯದನ್ನೇ ನೋಡತಕ್ಕದ್ದು.

ಕನ್ಫರ್ಮ್ಡ್: ಬರ್ತ್ ಅಥವಾ ಆಸನ ಖಚಿತವಾಗಿದೆ ಎಂದು ಅರ್ಥ. ಟಿಕೆಟ್ಟಿನಲ್ಲಿ ಇದನ್ನು ಸಿ.ಎನ್.ಎಫ್. ಎಂಬ ಮೂರು ಅಕ್ಷರಗಳಿಂದ ಸೂಚಿಸಿ, ಅದರ ಮುಂದೆ ಬೋಗಿಯ ಸಂಖ್ಯೆ, ಬರ್ತ್‌ನ ಸಂಖ್ಯೆ ಹಾಗೂ ಬರ್ತ್‌ನ ಬಗೆಯನ್ನು ನೀಡಲಾಗುತ್ತದೆ.

ಆರ್.ಎ.ಸಿ.: ರಿಸರ್ವೇಷನ್ ಅಗೇನ್ಸ್ಟ್ ಕ್ಯಾನ್ಸಲೇಷನ್ ಎಂಬುದರ ಸಂಕ್ಷಿಪ್ತ ರೂಪ. ಕ್ಯಾನ್ಸಲೇಷನ್ ಎಂಬ ಪದವನ್ನು ಕಂಡು ತಮ್ಮ ಟಿಕೆಟ್ಟೇ ರದ್ದಾಗಿದೆಯೆಂದು ಭಾವಿಸುವ ಸಂಭವವಿದೆ. ಇದು ತಪ್ಪು ಗ್ರಹಿಕೆ. ಇತರರ ಟಿಕೆಟ್ ರದ್ದಾದಲ್ಲಿ ಆ ಬರ್ತ್ ಈ ಪ್ರಯಾಣಿಕರಿಗೆ ಸಲ್ಲುತ್ತದೆ ಎಂಬುದು ಇದರ ಅರ್ಥ. ಇಂತಹ ಟಿಕೆಟ್ ಹೊಂದಿರುವವರು ರೈಲನ್ನು ಏರಲು ಪೂರ್ಣ ಅರ್ಹರು. ಸಾಮಾನ್ಯವಾಗಿ ಪಕ್ಕದ ಕೆಳಬರ್ತ್‌ನಲ್ಲಿ ಇಬ್ಬರಿಗೆ ಕುಳಿತುಕೊಳ್ಳಲು ಸ್ಥಳ ನೀಡಲಾಗುತ್ತದೆ. ಬರ್ತ್ ತೆರವಾದಲ್ಲಿ ಟಿಕೆಟ್ ಪರೀಕ್ಷಕರು ಅದನ್ನು ಹಂಚಿಕೆ ಮಾಡುತ್ತಾರೆ.

ವೇಟಿಂಗ್ ಲಿಸ್ಟ್: ವೇಟಿಂಗ್ ಎಂದರೆ ಕಾಯುವುದು. ಆದರೆ ರೈಲಿನೊಳಗೆ ನಿಂತು ಕಾಯುವ ಹಕ್ಕನ್ನು ಈ ಪದ ನೀಡುವುದಿಲ್ಲ. ಇಂಟರ್‌ನೆಟ್ ಮೂಲಕ ಪಡೆದ ಟಿಕೆಟ್ಟಿನಲ್ಲಿರುವ ಎಲ್ಲ ಪ್ರಯಾಣಿಕರೂ ಚಾರ್ಟ್ ಸಿದ್ಧವಾದ ನಂತರ ವೇಟಿಂಗ್ ಲಿಸ್ಟ್‌ನಲ್ಲಿಯೇ ಉಳಿದಲ್ಲಿ, ಆ ಟಿಕೆಟ್ ತಾನಾಗಿಯೇ ರದ್ದಾಗಿ ಹಣ ಖಾತೆಗೆ ಮರಳುತ್ತದೆ. ಅದನ್ನು ತೋರಿಸಿ ರೈಲು ಏರಿದವರನ್ನು ಟಿಕೆಟ್ ಇಲ್ಲದ ಪ್ರಯಾಣಿಕರೆಂದೇ ಪರಿಗಣಿಸಲಾಗುತ್ತದೆ. ನಿಲ್ದಾಣದ ಕೌಂಟರ್‌ನಲ್ಲಿ ಪಡೆದ ವೇಟಿಂಗ್ ಲಿಸ್ಟ್ ಟಿಕೆಟ್ ಹೊಂದಿರುವವರಿಗೂ ಕಾಯ್ದಿರಿಸಿದ ಬೋಗಿಯಲ್ಲಿ ಪ್ರಯಾಣಿಸುವ ಹಕ್ಕು ಇರುವುದಿಲ್ಲ.

ಚಾರ್ಟ್: ಶಾಲೆಯ ಗೋಡೆಯ ಮೇಲಿನ ಚಿತ್ರಪಟವೂ ಚಾರ್ಟ್ ಎನಿಸಿಕೊಳ್ಳುತ್ತದೆ. ರೈಲ್ವೆಯಲ್ಲಿ ಇದು ರೈಲು ಹೊರಡುವ ಕೆಲವು ಗಂಟೆಗಳ ಮೊದಲು ಸಿದ್ಧಪಡಿಸುವ ಪ್ರಯಾಣಿಕರ ಪಟ್ಟಿ. ಚಾರ್ಟ್ ಪ್ರಿಪೇರ್ಡ್ ಎಂದು ಕಂಡುಬಂದ ಮೇಲೆ ಸ್ಥಿತಿಯನ್ನು ಮತ್ತೊಮ್ಮೆ ಪರಿಶೀಲಿಸಿಕೊಂಡೇ ಮನೆಯಿಂದ ಹೊರಡುವುದು ಸೂಕ್ತ.

ಅಡ್ವಾನ್ಸ್ ರಿಸರ್ವೇಷನ್ ಪೀರಿಯಡ್: ಎಷ್ಟು ದಿನ ಮುಂಚಿತವಾಗಿ ಟಿಕೆಟ್ ಕಾಯ್ದಿರಿಸಬಹುದು ಎಂಬ ಅವಧಿ. 2024ರ ನವೆಂಬರ್ 1ರಿಂದ ಈ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಪ್ರಯಾಣದ ದಿನ ಈ ಲೆಕ್ಕಕ್ಕೆ ಸೇರುವುದಿಲ್ಲ.

2. ವೇಳೆ ಮತ್ತು ದಿನಾಂಕ

ಅರೈವಲ್ ಎಂದರೆ ರೈಲು ನಿಲ್ದಾಣವನ್ನು ತಲುಪುವ ವೇಳೆ, ಡಿಪಾರ್ಚರ್ ಎಂದರೆ ಹೊರಡುವ ವೇಳೆ. ಷೆಡ್ಯೂಲ್ಡ್ ಎಂದರೆ ವೇಳಾಪಟ್ಟಿಯಲ್ಲಿ ನಿಗದಿಯಾದದ್ದು, ಎಕ್ಸ್‌ಪೆಕ್ಟೆಡ್ ಎಂದರೆ ಆ ದಿನದ ಅಂದಾಜು. ಫಲಕದಲ್ಲಿ ಎರಡೂ ವೇಳೆಗಳಿದ್ದಲ್ಲಿ ಯಾವುದು ಯಾವುದೆಂದು ಓದಿಕೊಳ್ಳಬೇಕು.

ರೈಲ್ವೆಯಲ್ಲಿ 24 ಗಂಟೆಗಳ ಪದ್ಧತಿ ಜಾರಿಯಲ್ಲಿದ್ದು, ದಿನಾಂಕವು ಮಧ್ಯರಾತ್ರಿಗೆ ಬದಲಾಗುತ್ತದೆ. ನಮ್ಮ ರೂಢಿಯಲ್ಲಿ ದಿನವು ಸೂರ್ಯೋದಯದಿಂದ ಆರಂಭವಾಗುವುದರಿಂದ ಇಲ್ಲಿ ತಪ್ಪಾಗುವ ಸಾಧ್ಯತೆ ಹೆಚ್ಚು. ಉದಾಹರಣೆಗೆ, ಟಿಕೆಟ್ಟಿನಲ್ಲಿ 15ನೇ ತಾರೀಖು, 00:20 ಗಂಟೆ ಎಂದಿದ್ದರೆ, ಪ್ರಯಾಣಿಕರು 14ನೇ ತಾರೀಖಿನ ರಾತ್ರಿ ಊಟ ಮುಗಿಸಿ ನಿಲ್ದಾಣಕ್ಕೆ ತೆರಳಬೇಕು. 15ರ ರಾತ್ರಿ ಹೋದವರಿಗೆ ಆ ರೈಲು ಹಿಂದಿನ ರಾತ್ರಿಯೇ ಹೊರಟುಹೋಗಿರುತ್ತದೆ.

3. ನಿಲ್ದಾಣದ ಹೆಸರಿಗೆ ಸೇರಿದ ಪದಗಳು

ಜಂಕ್ಷನ್ ಎಂದರೆ ಒಂದಕ್ಕಿಂತ ಹೆಚ್ಚು ಮಾರ್ಗಗಳು ಕೂಡುವ ನಿಲ್ದಾಣ. ಟರ್ಮಿನಸ್ ಅಥವಾ ಟರ್ಮಿನಲ್ ಎಂದರೆ ರೈಲುಗಳ ಸಂಚಾರ ಕೊನೆಗೊಳ್ಳುವ ಅಥವಾ ಆರಂಭವಾಗುವ ನಿಲ್ದಾಣ. ಹಾಲ್ಟ್ ಎಂದರೆ ಕೆಲವೇ ರೈಲುಗಳು ನಿಲ್ಲುವ ಸಣ್ಣ ನಿಲ್ದಾಣ. ವೇಳಾಪಟ್ಟಿಯಲ್ಲಿ ಇದೇ ಪದವು ರೈಲು ನಿಲ್ಲುವ ನಿಮಿಷಗಳನ್ನು ಸೂಚಿಸುತ್ತದೆ.

ಊರಿನ ಹೆಸರು ಒಂದೇ ಆಗಿದ್ದು, ಅದಕ್ಕೆ ಸೇರಿದ ಪದ ಬೇರೆಯಾದರೆ ನಿಲ್ದಾಣವೂ ಬೇರೆಯೇ ಆಗಿರುತ್ತದೆ. ಮಂಗಳೂರು ಸೆಂಟ್ರಲ್ ಮತ್ತು ಮಂಗಳೂರು ಜಂಕ್ಷನ್ ಇದಕ್ಕೆ ನಿದರ್ಶನ. ಕೇರಳ ಮತ್ತು ಕೊಂಕಣದ ನಡುವೆ ಸಂಚರಿಸುವ ಹಲವು ದೂರಗಾಮಿ ರೈಲುಗಳು ಸೆಂಟ್ರಲ್‌ಗೆ ಬಾರದೆ ಜಂಕ್ಷನ್ ಮೂಲಕವೇ ಮುಂದೆ ಸಾಗುತ್ತವೆ. ಬೆಂಗಳೂರಿನಲ್ಲಿಯೂ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಯಶವಂತಪುರ ಹಾಗೂ 2022ರಲ್ಲಿ ಆರಂಭವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಪ್ರತ್ಯೇಕ ನಿಲ್ದಾಣಗಳಾಗಿವೆ.

ಬೋರ್ಡಿಂಗ್ ಪಾಯಿಂಟ್ ಎಂದರೆ ಪ್ರಯಾಣಿಕರು ರೈಲನ್ನು ಏರುವ ನಿಲ್ದಾಣ. ಇದನ್ನು ಬದಲಾಯಿಸಿಕೊಂಡವರು ಮೊದಲಿನ ನಿಲ್ದಾಣದಲ್ಲಿ ಏರುವ ಹಕ್ಕನ್ನು ಕಳೆದುಕೊಳ್ಳುತ್ತಾರೆ.

4. ರೈಲು ಸಂಚಾರದ ವ್ಯತ್ಯಯವನ್ನು ತಿಳಿಸುವ ಪದಗಳು

ಮಳೆ, ಭೂಕುಸಿತ ಅಥವಾ ಹಳಿಗಳ ಕಾಮಗಾರಿಯ ಸಂದರ್ಭದಲ್ಲಿ ಈ ಪದಗಳು ಪ್ರಕಟಣೆಗಳಲ್ಲಿ ಕಂಡುಬರುತ್ತವೆ. ಇವುಗಳ ನಡುವಿನ ವ್ಯತ್ಯಾಸವನ್ನು ತಿಳಿದಿರುವುದು ಅಗತ್ಯ.

ಅ) ರೀಷೆಡ್ಯೂಲ್ಡ್: ಆರಂಭದ ನಿಲ್ದಾಣದಿಂದ ರೈಲು ಬೇರೊಂದು ವೇಳೆಗೆ ಹೊರಡುತ್ತದೆ. ರೈಲು ರದ್ದಾಗಿರುವುದಿಲ್ಲ.

ಆ) ಡೈವರ್ಟೆಡ್: ರೈಲು ಬೇರೆ ಮಾರ್ಗವಾಗಿ ಸಂಚರಿಸುತ್ತದೆ. ನಿಮ್ಮ ನಿಲ್ದಾಣವು ಹೊಸ ಮಾರ್ಗದಲ್ಲಿ ಇದೆಯೇ ಎಂದು ವಿಚಾರಿಸಬೇಕು.

ಇ) ಷಾರ್ಟ್ ಟರ್ಮಿನೇಟೆಡ್: ಕೊನೆಯ ನಿಲ್ದಾಣಕ್ಕೆ ಮೊದಲೇ ರೈಲಿನ ಸಂಚಾರ ಮುಗಿಯುತ್ತದೆ. ಷಾರ್ಟ್ ಒರಿಜಿನೇಟೆಡ್ ಎಂದರೆ ಮೊದಲ ನಿಲ್ದಾಣದ ಬದಲು ಮುಂದಿನ ಯಾವುದೋ ನಿಲ್ದಾಣದಿಂದ ರೈಲು ಹೊರಡುತ್ತದೆ.

ಈ) ಪಾರ್ಷಿಯಲಿ ಕ್ಯಾನ್ಸಲ್ಡ್: ಮಾರ್ಗದ ಒಂದು ಭಾಗದಲ್ಲಿ ಮಾತ್ರ ಸಂಚಾರ ರದ್ದಾಗಿರುತ್ತದೆ.

ಉ) ರೆಗ್ಯುಲೇಟೆಡ್: ರೈಲನ್ನು ಮಾರ್ಗಮಧ್ಯದಲ್ಲಿ ತಿಳಿಸಿದಷ್ಟು ಕಾಲ ತಡೆದು ನಿಲ್ಲಿಸಲಾಗುತ್ತದೆ. ರೆಗ್ಯುಲರ್, ಅಂದರೆ ಎಂದಿನಂತೆ, ಎಂಬ ಪದದೊಂದಿಗೆ ಇದನ್ನು ಬೆರೆಸಬಾರದು.

ರೈಲು ಪ್ರಯಾಣಿಕರು ಏರುವ ನಿಲ್ದಾಣಕ್ಕೆ 3 ಗಂಟೆಗಿಂತ ಹೆಚ್ಚು ತಡವಾಗಿ ಬರುತ್ತಿದ್ದು, ಅವರು ಪ್ರಯಾಣಿಸಲು ಇಚ್ಛಿಸದಿದ್ದಲ್ಲಿ ನಿಯಮಾನುಸಾರ ಪೂರ್ಣ ಹಣ ಮರಳಿ ಪಡೆಯಬಹುದು. ಇಂಟರ್‌ನೆಟ್ ಟಿಕೆಟ್ ಹೊಂದಿರುವವರು ಇದಕ್ಕಾಗಿ ಟಿ.ಡಿ.ಆರ್. ಎಂಬ ಕೋರಿಕೆಯನ್ನು ರೈಲು ವಾಸ್ತವವಾಗಿ ಹೊರಡುವ ಮುನ್ನವೇ ಸಲ್ಲಿಸಬೇಕು. ಟಿಕೆಟ್ ಡಿಪಾಸಿಟ್ ರಿಸಿಪ್ಟ್ ಎಂಬುದು ಇದರ ವಿಸ್ತೃತ ರೂಪ. ಇಲ್ಲಿ ಡಿಪಾಸಿಟ್ ಎಂಬುದು ಬ್ಯಾಂಕಿನ ಠೇವಣಿಯಲ್ಲ.

5. ನಿಲ್ದಾಣದ ಫಲಕಗಳು

ರಿಟೈರಿಂಗ್ ರೂಂ ಎಂಬುದು ನಿವೃತ್ತರಿಗೆ ಮೀಸಲಾದ ಕೊಠಡಿಯಲ್ಲ. ಪ್ರಯಾಣಿಕರು ಬಾಡಿಗೆ ನೀಡಿ ತಂಗಬಹುದಾದ ವಿಶ್ರಾಂತಿ ಕೊಠಡಿ. ವೇಟಿಂಗ್ ರೂಂ ಎಂದರೆ ರೈಲು ಬರುವವರೆಗೆ ಕುಳಿತಿರುವ ಕೊಠಡಿ. ಕ್ಲೋಕ್ ರೂಂ ಎಂದರೆ ಶುಲ್ಕ ತೆತ್ತು ಸಾಮಾನುಗಳನ್ನು ಇರಿಸುವ ಸ್ಥಳ. ಸಬ್‌ವೇ ಎಂದರೆ ಹಳಿಗಳ ಕೆಳಗಿನ ನಡಿಗೆಯ ದಾರಿ. ಅಮೆರಿಕದಲ್ಲಿ ಇದೇ ಪದವನ್ನು ನಗರದ ಸುರಂಗ ರೈಲಿಗೆ ಬಳಸುತ್ತಾರೆ.

ಬೋಗಿಯೊಳಗೆ ಅಲಾರಂ ಎಂದು ಬರೆದಿರುವ ಸರಪಳಿಯನ್ನು ತುರ್ತು ಸಂದರ್ಭದಲ್ಲಿ ಮಾತ್ರ ಎಳೆಯತಕ್ಕದ್ದು. ಸಕಾರಣವಿಲ್ಲದೆ ಎಳೆಯುವುದು 1989ರ ರೈಲ್ವೆ ಅಧಿನಿಯಮದ 141ನೇ ಪ್ರಕರಣದನ್ವಯ ಶಿಕ್ಷಾರ್ಹ ಅಪರಾಧವಾಗಿದೆ.

6. ವಿಚಾರಣೆಗೆ ಉಪಯುಕ್ತವಾದ ಪ್ರಶ್ನೆಗಳು

ವಾಟ್ ಈಸ್ ದ ಕರೆಂಟ್ ಸ್ಟೇಟಸ್ ಆಫ್ ದಿಸ್ ಟಿಕೆಟ್? (ಈ ಟಿಕೆಟ್ಟಿನ ಸದ್ಯದ ಸ್ಥಿತಿ ಏನು?)

ಹ್ಯಾಸ್ ದ ಚಾರ್ಟ್ ಬೀನ್ ಪ್ರಿಪೇರ್ಡ್? (ಚಾರ್ಟ್ ಸಿದ್ಧವಾಗಿದೆಯೇ?)

ಈಸ್ ದಿಸ್ ಟ್ರೇನ್ ಡೈವರ್ಟೆಡ್ ಆರ್ ಕ್ಯಾನ್ಸಲ್ಡ್? (ಈ ರೈಲಿನ ಮಾರ್ಗ ಬದಲಾಗಿದೆಯೇ ಅಥವಾ ರೈಲು ರದ್ದಾಗಿದೆಯೇ?)

ಸಂದೇಹವಿದ್ದಲ್ಲಿ ನಿಲ್ದಾಣದ ವಿಚಾರಣಾ ಕೌಂಟರ್‌ನಲ್ಲಿ ಅಥವಾ ರೈಲ್ವೆಯ 139 ದೂರವಾಣಿ ಸಂಖ್ಯೆಯಲ್ಲಿ ವಿಚಾರಿಸಬಹುದು. ಪದದ ಅರ್ಥ ತಿಳಿಯದಿದ್ದಾಗ ಊಹಿಸಿ ನಡೆಯುವುದಕ್ಕಿಂತ ಕೇಳಿ ತಿಳಿಯುವುದು ಕ್ಷೇಮಕರ. ಸಾರ್ವಜನಿಕರು, ವಿಶೇಷವಾಗಿ ಮೊದಲ ಬಾರಿಗೆ ದೂರ ಪ್ರಯಾಣ ಕೈಗೊಳ್ಳುವವರು, ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.