ಪಾಲ್ಡಿಂಗ್ ಕಾಡುದಾರಿಯ ಕೊಳ್ಳಿದೆವ್ವ

ಅಗೋ, ಬಂತು! ದೂರದ ದಿಬ್ಬದ ನೆತ್ತಿಯಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ. ಇದ್ದಲ್ಲೇ ಉಬ್ಬಿತು, ಥಳಥಳಿಸಿತು, ಇನ್ನೇನು ಕೆಳಗಿಳಿಯಿತು ಅನ್ನುವಾಗ ಫಕ್ಕನೆ ಮಾಯ. ಅದು ಆರಿದ ಜಾಗದಲ್ಲೇ ಕೆಂಪನೆಯ ಕಿಡಿಯೊಂದು ಎದ್ದು ಅಲುಗದೆ ನಿಂತಿತು. ಕಾರು ಕುದುರೆ ಯಾವುದರ ಸದ್ದೂ ಇಲ್ಲ. ಸುತ್ತ ನಿಂತಿದ್ದವರಲ್ಲಿ ಯಾರೋ ‘ಅಯ್ಯಪ್ಪಾ’ ಅಂದರು. ಅಷ್ಟು ಜನರಲ್ಲಿ ಕನ್ನಡ ಬರುತ್ತಿದ್ದದ್ದು ನನಗೊಬ್ಬನಿಗೇ!

ಇದು ಅಮೆರಿಕದ ಮಿಶಿಗನ್ ರಾಜ್ಯದ ಉತ್ತರ ತುದಿ. ಅಲ್ಲಿಯವರು ‘ಯು.ಪಿ.’ ಎಂದು ಕರೆಯುವ ಅಪ್ಪರ್ ಪೆನಿನ್ಸುಲಾ, ಬರೀ ಕಾಡು, ಕೆರೆ, ಹಿಮದ ಸೀಮೆ. ವಾಟರ್ಸ್‌ಮೀಟ್ ಊರು ದಾಟಿ 45ನೇ ಹೆದ್ದಾರಿಯಲ್ಲಿ ಪಾಲ್ಡಿಂಗ್ ಕಡೆಗೆ ಹೊರಟರೆ ರಾಬಿನ್ಸ್ ಪಾಂಡ್ ರಸ್ತೆ ಸಿಗುತ್ತದೆ. ಒಂದು ಕಾಲಕ್ಕೆ ಹೆದ್ದಾರಿಯೇ ಆಗಿದ್ದ ದಾರಿ ಇದು. ಈಗ ಕಾಡಿನೊಳಗೆ ಹೊಕ್ಕು ತಡೆಗಟ್ಟೆಯೊಂದರ ಮುಂದೆ ತಟ್ಟನೆ ಮುಗಿದುಬಿಡುತ್ತದೆ. ಅದರಾಚೆಗೆ ವಿದ್ಯುತ್ ತಂತಿಗಾಗಿ ಮರ ಕಡಿದ ಓಣಿ, ಬೈತಲೆ ತೆಗೆದ ಹಾಗೆ, ಗುಡ್ಡ ಹತ್ತಿ ಇಳಿದು ನೇರ ಉತ್ತರಕ್ಕೆ ಸಾಗುತ್ತದೆ. ಬೆಳಕು ಕಾಣುವುದು ಆ ಓಣಿಯ ಕೊನೆಯಲ್ಲಿ. ಒಂದು ದಿನವಲ್ಲ, ಎರಡು ದಿನವಲ್ಲ, ಕತ್ತಲಾದರೆ ಸಾಕು, ಹಾಜರ್!

1966ರಲ್ಲಿ ಹುಡುಗರ ಗುಂಪೊಂದು ಇದನ್ನು ಕಂಡು ಹೋಗಿ ಪೊಲೀಸರಿಗೆ ಹೇಳಿದ್ದೇ ಮೊದಲ ಸುದ್ದಿ. ಆಮೇಲೆ ಕಥೆಗಳಿಗೇನು ಬರ? ಎಲ್ಲಕ್ಕಿಂತ ಹೆಚ್ಚು ಓಡಿದ್ದು ರೈಲಿನ ಬ್ರೇಕ್‌ಮ್ಯಾನ್ ಕಥೆ. ಎದುರು ಬರುತ್ತಿದ್ದ ರೈಲನ್ನು ನಿಲ್ಲಿಸಲು ಹೋಗಿ ಸತ್ತವನು ಇಂದಿಗೂ ಲಾಟೀನು ಬೀಸುತ್ತಿದ್ದಾನಂತೆ. ನಮ್ಮ ಕೊಳ್ಳಿದೆವ್ವಕ್ಕೆ ರೈಲ್ವೆ ಕೆಲಸ ಸಿಕ್ಕಂತಾಯಿತು. ಇನ್ನೂ ತಮಾಷೆ ಎಂದರೆ, ಅರಣ್ಯ ಇಲಾಖೆಯೇ ಇಲ್ಲೊಂದು ಫಲಕ ನೆಟ್ಟು ಈ ಕಥೆ ಬರೆಸಿತು. ವಾಹನವನ್ನು ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ, ದಯವಿಟ್ಟು ಕಸ ಹಾಕಬೇಡಿ ಎಂಬ ಸೂಚನೆಯೂ ಅದರಲ್ಲೇ. ದೆವ್ವದ ವಿಳಾಸವನ್ನು ಸರ್ಕಾರವೇ ಕೊಟ್ಟ ಇನ್ನೊಂದು ಊರು ನನಗೆ ಗೊತ್ತಿಲ್ಲ.

2010ರಲ್ಲಿ ಮಿಶಿಗನ್ ಟೆಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಲ್ಲಿಗೆ ದೂರದರ್ಶಕ ಹೊತ್ತು ತಂದರು. ಕಣ್ಣಿಟ್ಟು ನೋಡಿದರೆ ಕಂಡದ್ದೇನು? ಕಾರುಗಳು! ಸುಮಾರು 7 ಕಿಲೋಮೀಟರ್ ಆಚೆ, ಇದೇ ಓಣಿಯ ನೇರಕ್ಕೆ ಹೊಸ 45ನೇ ಹೆದ್ದಾರಿ ಗುಡ್ಡ ಇಳಿಯುತ್ತದೆ. ರಸ್ತೆ ಬದಿಯ ಫಲಕ ಕೂಡ ದೂರದರ್ಶಕಕ್ಕೆ ಸಿಕ್ಕಿತು. ಅಷ್ಟಕ್ಕೇ ಬಿಡದೆ ತಮ್ಮದೇ ಕಾರನ್ನು ಅಲ್ಲಿ ಓಡಿಸಿ, ದೀಪ ಮಿಟುಕಿಸಿ, ‘ದೆವ್ವ’ವನ್ನು ತಾವೇ ಎಬ್ಬಿಸಿ ತೋರಿಸಿದರು. ನಮ್ಮ ಕಡೆಗೆ ಬರುವ ಕಾರು ಬಿಳಿ, ಬೆನ್ನು ಹಾಕಿ ಹೋಗುವುದು ಕೆಂಪು.

ಇಷ್ಟು ತಿಳಿದ ಮೇಲೆ ಸಪ್ಪೆಯಾಗಬೇಕಿತ್ತು, ಅಲ್ಲವೇ? ನನಗೆ ರೋಮಾಂಚನವಾದದ್ದೇ ಆಗ! ಕಾರಿಗೆ ಎರಡು ದೀಪ, ಇಲ್ಲಿ ಕಾಣುವುದು ಒಂದೇ, ಯಾಕೆ? ಲೆಕ್ಕ ಹಾಕಿ ನೋಡಿ. ಹುಣ್ಣಿಮೆ ಚಂದ್ರನ ಅಗಲವನ್ನು 30 ಪಾಲು ಮಾಡಿದರೆ, ಹೆಚ್ಚುಕಡಿಮೆ ಒಂದು ಪಾಲಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ನಮ್ಮ ಕಣ್ಣು ಬೇರ್ಪಡಿಸಲಾರದು. ಒಂದೂವರೆ ಮೀಟರ್ ಅಂತರದ ಹೆಡ್‌ಲೈಟುಗಳು 7 ಕಿ.ಮೀ. ದೂರದಿಂದ ಆ ಒಂದು ಪಾಲಿನ ಮುಕ್ಕಾಲು ಭಾಗಕ್ಕೂ ಸಾಲುವುದಿಲ್ಲ. ಎರಡು ದೀಪ ಬೆರೆತು ಒಂದು ಲಾಟೀನು! ಕಾರು ನೇರ ನಮ್ಮತ್ತಲೇ ಬರುವುದರಿಂದ ಎಡಬಲಕ್ಕೆ ಸರಿಯುವುದಿಲ್ಲ. ಗಂಟೆಗೆ 90 ಕಿ.ಮೀ. ಓಡುತ್ತಿದ್ದರೂ ಗಾಳಿಯಲ್ಲಿ ತೂಗುಹಾಕಿದ ಹಾಗೆ ನಿಂತಿರುತ್ತದೆ. ಎಂಜಿನ್ನಿನ ಸದ್ದು ಅಷ್ಟು ದೂರ ಬರುವುದೂ ಇಲ್ಲ. ಇನ್ನು ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದಂತೆ ಕೂತು, ಬೆಳಕು ಕದಡದೆ ಇಷ್ಟು ದೂರ ಬರಲು ಬಿಡುತ್ತದೆ ಎನ್ನುವುದು ಆ ವಿದ್ಯಾರ್ಥಿಗಳ ವಿವರಣೆ. ರಸ್ತೆ, ಗುಡ್ಡ, ಮರ ಕಡಿದ ಓಣಿ, ಗಾಳಿ, ನಮ್ಮ ಕಣ್ಣಿನ ಮಿತಿ ಎಲ್ಲ ಒಂದೇ ಗೆರೆಗೆ ಬಂದು ನಿಂತಿವೆ. ಹಾಗೆ ನಿಲ್ಲಿಸಬೇಕೆಂದು ಯಾರೂ ಯೋಜನೆ ಹಾಕಿರಲಿಲ್ಲ. ಇದರ ಮುಂದೆ ಬ್ರೇಕ್‌ಮ್ಯಾನ್ ಕಥೆ ನನಗಂತೂ ಪೇಲವ ಅನ್ನಿಸಿತು.

ಊರವರೆಲ್ಲ ಇದನ್ನು ಒಪ್ಪಿಲ್ಲ. ದೂರದರ್ಶಕದಲ್ಲಿ ಕಂಡದ್ದೇ ಬೇರೆ, ನಾವು ಕಂಡದ್ದೇ ಬೇರೆ ಎನ್ನುವವರು ಈಗಲೂ ಇದ್ದಾರೆ. ಅವರ ಜೊತೆ ವಾದಕ್ಕಿಳಿಯಬೇಡಿ, ಬೆಳಕು ತಪ್ಪಿಹೋಗುತ್ತದೆ.

ಮಿಶಿಗನ್, ವಿಸ್ಕಾನ್ಸಿನ್ ಕಡೆ ಇರುವ ಕನ್ನಡಿಗರೇ, ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿ. ಬೆಚ್ಚನೆಯ ಬಟ್ಟೆ, ಸೊಳ್ಳೆಗೆ ಔಷಧಿ ಇರಲಿ. ಅಲ್ಲಿ ತಲುಪಿದೊಡನೆ ನಿಮ್ಮ ಕಾರಿನ ದೀಪ ಆರಿಸಿ. ಮೊದಲು ಬರಿಗಣ್ಣಲ್ಲಿ ನೋಡಿ, ಮನಸಾರೆ ಹೆದರಿ. ಬೈನಾಕ್ಯುಲರ್ ಚೀಲದಿಂದ ಹೊರತೆಗೆಯುವುದು ಆಮೇಲೆ.