ಕಾಣುವ ಬೆಲೆ, ಕಾಣದ ಬೆಲೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರಿನ ಮದುವೆಗೆ ಹೋದರೂ ಹೆಣ್ಣುಮಕ್ಕಳ ಕಣ್ಣು ಮೊದಲು ಹೋಗುವುದು ಮದುಮಗಳ ದುಪಟ್ಟಾದ ಮೇಲಿನ ಕೈಕೆಲಸದ ಕಡೆಗೆ. ಆರಿ, ಜರ್ದೋಸಿ, ಮಣಿ ಕೆಲಸ ನಮ್ಮ ಅನೇಕ ಮನೆಗಳಲ್ಲಿ ಬಿಡುವಿನ ವೇಳೆಯ ಹವ್ಯಾಸ. ಕೈ ಪಳಗಿದಂತೆ ಒಳ್ಳೆಯ ಸಾಮಗ್ರಿಯ ಆಸೆಯೂ ಹುಟ್ಟುತ್ತದೆ. ಜಪಾನಿನ ಸಣ್ಣ ಗಾಜಿನ ಮಣಿಗಳು ಒಂದೇ ಅಳತೆಗೆ ಹೆಸರಾದವು. ಜೆಕ್ ದೇಶದ ಮಣಿಗಳಿಗೂ ಬೇಡಿಕೆಯಿದೆ. ಮೊಬೈಲಿನಲ್ಲಿ ಬೆರಳೊತ್ತಿದರೆ ತರಿಸಬಹುದು. ಆದರೆ ಸಹೋದರಿಯರೇ, ಪರದೆಯ ಮೇಲೆ ಕಾಣುವ ಬೆಲೆಯೇ ನೀವು ಕೊಡುವ ಬೆಲೆ ಎಂದು ತಿಳಿಯಬೇಡಿ.

ಒಂದು ಲೆಕ್ಕ ಹಾಕೋಣ. ಮಣಿಗಳ ಬೆಲೆ 20 ಡಾಲರ್, ಸಾಗಣೆ 15 ಡಾಲರ್ ಎಂದಿಟ್ಟುಕೊಳ್ಳಿ. ಡಾಲರಿಗೆ 90 ರೂಪಾಯಿಯಂತೆ ಒಟ್ಟು 3,150 ರೂಪಾಯಿ. ಸುಂಕ ಬೀಳುವುದು ಮಣಿಗಳ ಬೆಲೆಯ ಮೇಲೆ ಮಾತ್ರವಲ್ಲ. ಸಾಗಣೆ, ವಿಮೆಗಳೂ ಅದಕ್ಕೆ ಸೇರುತ್ತವೆ. ಸುಂಕದ ದರ ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತದೆ. ಲೆಕ್ಕಕ್ಕಾಗಿ ಸುಂಕ ಮತ್ತು ಮೇಲ್ತೆರಿಗೆ ಸೇರಿ ಶೇ. 11 ಎಂದುಕೊಂಡರೆ ಸುಮಾರು 346 ರೂಪಾಯಿ. ಇವೆಲ್ಲದರ ಮೊತ್ತದ ಮೇಲೆ ಶೇ. 18 ಜಿಎಸ್‌ಟಿ ಎಂದರೆ ಮತ್ತೆ 629 ರೂಪಾಯಿ. ವಿದೇಶಿ ಹಣದ ವ್ಯವಹಾರಕ್ಕೆ ಬ್ಯಾಂಕು ಶೇ. 3.5 ಹಿಡಿದರೆ ಇನ್ನೂ 110. ಹೀಗೆ 1,800 ರೂಪಾಯಿಯ ಮಣಿಗಳು ಮನೆ ಸೇರುವಾಗ 4,200 ದಾಟುತ್ತವೆ!

ವಿನಿಮಯ ದರದ ಮಾತು ಬೇರೆ. 2008ರ ಆರಂಭದಲ್ಲಿ ಡಾಲರಿಗೆ 40 ರೂಪಾಯಿಯ ಆಸುಪಾಸು ಇತ್ತು. 2025ರ ಡಿಸೆಂಬರಿನಲ್ಲಿ ಅದು 90 ದಾಟಿತು. ಮನೆಯವರು ಗಲ್ಫ್‌ನಲ್ಲಿರುವ ಕುಟುಂಬಗಳಿಗೆ ಇದು ಬೇಗ ಅರ್ಥವಾಗುತ್ತದೆ. ಸೌದಿ ರಿಯಾಲನ್ನು 1986ರಿಂದ ಒಂದು ಡಾಲರಿಗೆ 3.75ರಂತೆ ಕಟ್ಟಿಹಾಕಲಾಗಿದೆ. ಹಾಗಾಗಿ ಡಾಲರ್ ಏರಿದರೆ ರಿಯಾಲೂ ಏರುತ್ತದೆ, ಊರಿಗೆ ಬರುವ ಹಣ ಹೆಚ್ಚುತ್ತದೆ. ಅದೇ ಏರಿಕೆ ಹೊರಗಿನಿಂದ ತರಿಸುವ ಮಣಿಯ ಬೆಲೆಯನ್ನೂ ಏರಿಸುತ್ತದೆ. ಒಂದು ಕೈಗೆ ಬಂದದ್ದು ಇನ್ನೊಂದು ಕೈಯಿಂದ ಹೋಗುತ್ತದೆ. ಇನ್ನು ಸುಂಕದ ಲೆಕ್ಕಕ್ಕೆ ಕಸ್ಟಮ್ಸ್ ಇಲಾಖೆ ತಾನೇ ಪ್ರಕಟಿಸುವ ದರವನ್ನು ಹಿಡಿಯುತ್ತದೆ, ಪತ್ರಿಕೆಯಲ್ಲಿ ಬರುವ ದರವನ್ನಲ್ಲ.

"ಗಿಫ್ಟ್ ಎಂದು ಬರೆಸಿ, ಬೆಲೆ ಕಡಿಮೆ ತೋರಿಸಿ" ಎಂದು ಸಲಹೆ ಕೊಡುವವರಿದ್ದಾರೆ. ಅಂಚೆ, ಕೊರಿಯರ್ ಮೂಲಕ ಬರುವ ಉಡುಗೊರೆಗಿದ್ದ ಸುಂಕ ವಿನಾಯಿತಿಯನ್ನು ಸರಕಾರ 2019ರ ಡಿಸೆಂಬರಿನಲ್ಲೇ ತೆಗೆದುಹಾಕಿದೆ. ಜೀವರಕ್ಷಕ ಔಷಧಿ, ರಾಖಿಗಳಿಗೆ ಮಾತ್ರ ಉಳಿಸಿದೆ. ಸುಳ್ಳು ಬೆಲೆ ತೋರಿಸಿದರೆ ದಂಡ ಬೀಳಬಹುದು, ಸಾಮಾನು ಕೈಬಿಡಬಹುದು. ಅಷ್ಟಕ್ಕೂ ಸುಳ್ಳು ಬರೆಸಿ ಉಳಿಸಿದ ಹಣದಲ್ಲಿ ಬರಕತ್ ಎಲ್ಲಿಂದ ಬರಬೇಕು?

ಇನ್ನೊಂದು ಎಚ್ಚರಿಕೆ. "ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಈ ಖಾತೆಗೆ ಕೂಡಲೇ ಹಣ ಹಾಕಿ" ಎಂದು ಫೋನ್ ಬಂದರೆ ಹೆದರಬೇಡಿ. ಕಸ್ಟಮ್ಸ್ ಅಧಿಕಾರಿಗಳು ಯಾರದೋ ಖಾಸಗಿ ಖಾತೆಗೆ ಸುಂಕ ಕಟ್ಟಿ ಎಂದು ಕೇಳುವುದಿಲ್ಲ. ಅಂಚೆಯಲ್ಲಿ ಬಂದ ಪಾರ್ಸೆಲ್ಲಿನ ಸುಂಕವನ್ನು ಅಂಚೆಯವರಿಗೆ ಕೊಟ್ಟು ರಸೀದಿ ಪಡೆಯಿರಿ. ಮೋಸ ಹೋದರೆ ಮನೆಯವರು ಬೈಯುತ್ತಾರೆಂದು ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ತಡಮಾಡಿದಷ್ಟೂ ಹಣ ದೂರವಾಗುತ್ತದೆ.

ಹಾಗಾದರೆ ಹವ್ಯಾಸವನ್ನೇ ಬಿಡಬೇಕೇ? ಖಂಡಿತ ಬೇಡ. ಕೊಪ್ಪಳ ತಾಲೂಕಿನ ಕಿನ್ನಾಳದ ಕಲಾವಿದರನ್ನು ನೋಡಿ. ಹಗುರ ಮರ, ಹುಣಸೆಬೀಜದ ಅಂಟು ಮುಂತಾದ ಸಾಮಗ್ರಿಯಿಂದಲೇ ಅವರ ಗೊಂಬೆಗಳು ನಾಡಿನಾಚೆಗೂ ಹೆಸರು ಮಾಡಿವೆ. ಜರಿಗೆ ನಮ್ಮ ಸೂರತ್ ಇದೆ, ಗಾಜಿನ ಕೆಲಸಕ್ಕೆ ಫಿರೋಜಾಬಾದ್ ಇದೆ. ಕಲಿಯುವ ಕೈಗೆ ಇಲ್ಲಿಯ ಮಣಿ ಸಾಕು. ಹೊರಗಿನದೇ ಬೇಕಾದ ಕೆಲಸಕ್ಕೆ ಮಾತ್ರ, ಮೇಲಿನಂತೆ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿ ತರಿಸಿ. ಮಾರಾಟಕ್ಕಾಗಿ ತರಿಸುವುದಾದರೆ ಆಮದು-ರಫ್ತು ಸಂಖ್ಯೆಯನ್ನು ಮೊದಲೇ ಪಡೆದುಕೊಳ್ಳಿ.

ಗಲ್ಫ್‌ನ ಬಿಸಿಲಲ್ಲಿ ದುಡಿದು ಕಳಿಸಿದ ಹಣವಿರಲಿ, ಸೂಜಿಯ ತುದಿಯಲ್ಲಿ ನೀವೇ ಕೂಡಿಟ್ಟ ಹಣವಿರಲಿ, ಅದು ಯಾರದೋ ಬೆವರು. ಖರ್ಚಾಗುವ ಮುಂಚೆ ಅದಕ್ಕೆ ಲೆಕ್ಕ ಸಿಗಲಿ.