ಎಲ್ಲವೂ ಗ್ಯಾಸ್ ಅಲ್ಲ ಉಮ್ಮಾ!

“ಎಂತದೂ ಇಲ್ಲ ಮಗಾ, ಗ್ಯಾಸ್ ಅಷ್ಟೆ. ಸ್ವಲ್ಪ ಜೀರಿಗೆ ನೀರು ಕುಡಿದ್ರೆ ಸರಿಯಾಗ್ತದೆ.”

ಐವತ್ತು ದಾಟಿದ ಉಮ್ಮ ಎದೆ ನೀವಿಕೊಳ್ಳುತ್ತಾ ಹೀಗೆ ಹೇಳುವುದನ್ನು ಕೇಳದ ಮನೆ ನಮ್ಮಲ್ಲಿ ಕಡಿಮೆ. ಮನೆಯ ಗಂಡಸರಿಗೆ ಎದೆ ಹಿಡಿದರೆ ನಾವು ಕೂಡಲೇ ಕಾರು ತೆಗೆಯುತ್ತೇವೆ. ಉಮ್ಮನಿಗಾದರೆ, “ಬೆಳಗಾಗಲಿ, ನೋಡುವ” ಎನ್ನುತ್ತೇವೆ. ಹೃದಯಾಘಾತ ಗಂಡಸರ ಕಾಯಿಲೆ ಎಂಬ ನಂಬಿಕೆ ಇನ್ನೂ ನಮ್ಮಿಂದ ಹೋಗಿಲ್ಲ.

ಮುಟ್ಟು ಇರುವಷ್ಟು ಕಾಲ ಹೆಣ್ಣಿನ ದೇಹದಲ್ಲಿ ಈಸ್ಟ್ರೋಜನ್ ಹಾರ್ಮೋನು ಸಾಕಷ್ಟು ಇರುತ್ತದೆ. ರಕ್ತನಾಳಗಳನ್ನು ಮೃದುವಾಗಿಡಲು, ಕೆಟ್ಟ ಕೊಲೆಸ್ಟ್ರಾಲನ್ನು ಹತೋಟಿಯಲ್ಲಿಡಲು ಅದು ನೆರವಾಗುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಎಂದು ಲೆಕ್ಕ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ನೇ ವಯಸ್ಸಿಗೆ ಆದರೆ, ನಮ್ಮ ದೇಶದಲ್ಲಿ 46-47ರ ಸುಮಾರಿಗೇ ಆಗುತ್ತದೆ. ಆಮೇಲೆ ಕೊಲೆಸ್ಟ್ರಾಲ್ ಏರುತ್ತದೆ, ರಕ್ತನಾಳ ಬಿಗಿಯಾಗುತ್ತದೆ, ಹೊಟ್ಟೆಯ ಸುತ್ತ ಬೊಜ್ಜು ಸೇರುತ್ತದೆ, ಬಿಪಿಯೂ ಹೆಚ್ಚಬಹುದು. ಇದರಲ್ಲಿ ಹೆಚ್ಚಿನವು ಹೊರಗೆ ಕಾಣುವುದಿಲ್ಲ.

45ರ ಮೊದಲೇ ಮುಟ್ಟು ನಿಂತವರು, ಆಪರೇಷನ್‌ನಲ್ಲಿ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರು, ಗರ್ಭಿಣಿಯಾಗಿದ್ದಾಗ ಬಿಪಿ ಅಥವಾ ಶುಗರ್ ಕಾಣಿಸಿಕೊಂಡವರು ಇನ್ನಷ್ಟು ಎಚ್ಚರವಾಗಿರಬೇಕು. ವೈದ್ಯರ ಬಳಿ ಹೋದಾಗ ಈ ಹಳೆಯ ವಿಷಯವನ್ನು ಮರೆಯದೆ ಹೇಳಬೇಕು.

ಹಾರ್ಮೋನ್ ಮಾತ್ರೆ ನುಂಗಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಲಾಯಿತು. ಆ ಮಾತ್ರೆಗಳಿಂದ ಹೃದಯಕ್ಕೆ ರಕ್ಷಣೆ ಸಿಗಲಿಲ್ಲ. ಮೈ ಬಿಸಿಯೇರುವುದು, ರಾತ್ರಿ ಬೆವರುವುದು ತಡೆಯಲಾಗದಿದ್ದರೆ ವೈದ್ಯರು ನೋಡಿ ಕೊಡುತ್ತಾರೆ. ಹೃದಯ ಕಾಪಾಡಲೆಂದು ಅದನ್ನು ಕೊಡುವುದಿಲ್ಲ.

ಹೆಂಗಸರಿಗೂ ಹೃದಯಾಘಾತದಲ್ಲಿ ಎದೆ ಒತ್ತಿದಂತೆ ಆಗುವುದೇ ಹೆಚ್ಚು. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದವಡೆ, ಬೆನ್ನು, ಭುಜದಲ್ಲಿ ನೋವು, ಉಸಿರು ಕಟ್ಟುವುದು, ವಾಕರಿಕೆ, ತಣ್ಣನೆ ಬೆವರು, ಕಾರಣವಿಲ್ಲದ ಸುಸ್ತು ಬರಬಹುದು. ಗ್ಯಾಸ್ ಎಂದು ನಾವು ಮೋಸ ಹೋಗುವುದು ಇಲ್ಲೇ. ಹೀಗಾದರೆ ಕಾಯಬಾರದು; 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ಗಲ್ಫಿನಲ್ಲಿರುವ ಗಂಡನಿಗೋ ಮಗನಿಗೋ ಫೋನು ದಾರಿಯಲ್ಲೇ ಮಾಡಿದರಾಯ್ತು. ಲೇಡಿ ಡಾಕ್ಟರೇ ಬೇಕೆಂದು ಆ ಹೊತ್ತಿನಲ್ಲಿ ತಡ ಮಾಡುವುದೂ ಬೇಡ.

ಅಷ್ಟಕ್ಕೆ ಬರದಂತೆ ನೋಡಿಕೊಳ್ಳುವುದೂ ನಮ್ಮ ಕೈಯಲ್ಲೇ ಉಂಟು. ಮುಟ್ಟು ಏರುಪೇರಾಗಲು ಶುರುವಾದಾಗಲೇ ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸೋಣ. ಉಪ್ಪು ದಿನಕ್ಕೆ 5 ಗ್ರಾಮ್, ಅಂದರೆ ಒಂದು ಟೀ ಚಮಚ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಣಮೀನು, ಉಪ್ಪಿನಕಾಯಿಯ ಉಪ್ಪೂ ಆ ಲೆಕ್ಕಕ್ಕೇ ಸೇರುತ್ತದೆ. ಅಸರ್ ನಮಾಝಿನ ನಂತರ ನೆರೆಮನೆಯವರ ಜೊತೆ ಅರ್ಧ ಗಂಟೆ ಚುರುಕಾಗಿ ನಡೆದರೆ ಒಳ್ಳೆಯದು. ಉಪವಾಸದ ತಿಂಗಳಲ್ಲಿ ಬಿಪಿ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸದೆ, ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳೋಣ.

ಎಲ್ಲರೂ ಉಂಡ ಮೇಲೆ ಉಣ್ಣುವ ಉಮ್ಮ, ತನ್ನ ನೋವನ್ನೂ ಕೊನೆಗೇ ಇಡುತ್ತಾಳೆ. ಅವಳಾಗಿ ಕೇಳುವುದಿಲ್ಲ. ಈ ವಾರ ನಾವೇ ಕರೆದುಕೊಂಡು ಹೋಗಿ ಬಿಪಿ ನೋಡಿಸಿಕೊಂಡು ಬರೋಣ.